ಸಾಕ್ಷಿಯ ಋಣ: ಸ್ವೀಡನ್ನಿನ ಚಿತ್ರಕಾರ ಆರ್ನೆ ಸುಕ್ಸ್‌ಡಾರ್ಫ್

೧

ಇಂಗ್ಲಿಷಿನಲ್ಲಿ ಡಾಕ್ಯುಮೆಂಟರಿ ಎನಿಸಿಕೊಳ್ಳುವ ಚಲಚ್ಚಿತ್ರ ಪ್ರಕಾರಕ್ಕೆ ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ ಎಂಬ ಹೆಸರು ನೆಲೆಗೊಂಡಿದೆ. ಇಂಗ್ಲಿಷಿನ ಶಬ್ದವು ದಾಖಲೆಯ ಪತ್ರವೊಂದನ್ನು ನೆನಪಿಗೆ ತರುತ್ತದೆ. ಕನ್ನಡದ ಶಬ್ದವಾದರೋ ನ್ಯಾಯಸಭೆಯಲ್ಲಿ ನಿಂತು ನುಡಿಯುವ ಮನುಷ್ಯನನ್ನು ಕಣ್ಣಮುಂದೆ ತಂದು ನಿಲ್ಲಿಸುತ್ತದೆ. ಪತ್ರಕ್ಕೆ ಧರ್ಮಾಧರ್ಮಗಳ ಹಂಗಿಲ್ಲ, ಸಾಕ್ಷಿಗೆ ಉಂಟು. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಕಂಡುದನ್ನು ಕಂಡಂತೆ ನುಡಿಯುವುದು ಅವನ ಮೊದಲನೆಯ ಕರ್ತವ್ಯ. ಯಾರ ಬದುಕನ್ನು ಕುರಿತು ಅವನು ನುಡಿಯುತ್ತಾನೆಯೋ ಅವರಿಗೆ ಅವನು ಸಲ್ಲಿಸಬೇಕಾದುದೇನಾದರೂ ಇದೆಯೆ ಎಂಬುದು ಅದರ ಬೆನ್ನಿಗೇ ಏಳುವ ಎರಡನೆಯ ಪ್ರಶ್ನೆ. ಮೊದಲನೆಯದರ ಚರ್ಚೆ ಬಹಳವಾಗಿ ನಡೆದಿದೆ. ಎರಡನೆಯದು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ.

ಸ್ವೀಡನ್ ದೇಶದ ಆರ್ನೆ ಸುಕ್ಸ್‌ಡಾರ್ಫ್ (೧೯೧೭–೨೦೦೧) ಈ ಎರಡು ಪ್ರಶ್ನೆಗಳನ್ನೂ ತನ್ನ ಕೃತಿಗಳ ಮೂಲಕವೇ ಎತ್ತಿದವನು. ತನ್ನ ಚಿತ್ರಗಳ ರಚನೆ, ನಿರ್ದೇಶನ, ಛಾಯಾಗ್ರಹಣ, ಸಂಕಲನಗಳನ್ನು ಬಹುಮಟ್ಟಿಗೆ ತಾನೇ ನಿರ್ವಹಿಸಿ, ಕೆಲವು ವೇಳೆ ನಿರ್ಮಾಪಕನ ಹೊರೆಯನ್ನೂ ತಾನೇ ಹೊತ್ತವನು. ಉತ್ತರದ ಹಿಮಾರಣ್ಯಗಳಲ್ಲಿ ಮೊದಲಾದ ಅವನ ಪಯಣವು ಕಾಶ್ಮೀರ, ಬಸ್ತರುಗಳನ್ನು ಹಾದು ಬ್ರೆಜಿಲ್ ದೇಶದವರೆಗೆ ಸಾಗಿತು. ಅದರ ಒಂದೊಂದು ಘಟ್ಟದಲ್ಲಿಯೂ ಸಾಕ್ಷಿಗೂ ಸಾಕ್ಷ್ಯಕ್ಕೆ ವಸ್ತುವಾದವರಿಗೂ ನಡುವಣ ಸಂಬಂಧವು ಬದಲಾಗುತ್ತ ಹೋದುದನ್ನು ಕಾಣಬಹುದು. ಆ ಬದಲಾವಣೆಯ ಗತಿಯನ್ನು ಗುರುತಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಕಾರದ ಆದಿಪುರುಷನೆಂದು ಹೆಸರಾದ ಅಮೆರಿಕದ ರಾಬರ್ಟ್ ಫ್ಲಹರ್ಟಿಯು ೧೯೨೨ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರವನ್ನು ಹೊರತಂದನು. ಉತ್ತರ ಕೆನಡದ ಇನುಯಿಟ್ ಜನರ ಜೀವನವನ್ನು ತೋರಿಸುವ ಆ ಚಿತ್ರದಲ್ಲಿ, ಒಳಗಡೆ ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧ ಮಾತ್ರ ಕಟ್ಟಿಸಲಾಗಿತ್ತು. ಆ ಜನರು ಅದಾಗಲೇ ಬಂದೂಕನ್ನು ಬಳಸುತ್ತಿದ್ದರೂ ಹಳೆಯ ಕಾಲದ ಈಟಿಯಿಂದಲೇ ಬೇಟೆಯಾಡುವಂತೆ ಏರ್ಪಾಡು ಮಾಡಲಾಗಿತ್ತು. ಹೀಗೆ ಸಾಕ್ಷ್ಯಚಿತ್ರವು ಹುಟ್ಟಿದಾಗಲೇ ಕಂಡುದರ ಜೊತೆಗೆ ಕಾಣಬಯಸಿದುದನ್ನೂ ಬೆರೆಸಿಕೊಂಡು ಹುಟ್ಟಿತು. ಬ್ರಿಟನ್ನಿನ ಜಾನ್ ಗ್ರಿಯರ್ಸನ್ನನು ವಾಸ್ತವವನ್ನು ಕಲೆಯ ಕೈಯಿಂದ ರೂಪಿಸುವುದೇ ಈ ಪ್ರಕಾರದ ಲಕ್ಷಣವೆಂದು ಹೇಳಿ ಈ ಬೆರಕೆಗೆ ಶಾಸ್ತ್ರದ ಸಮ್ಮತಿಯನ್ನೂ ಒದಗಿಸಿದನು. ಸುಕ್ಸ್‌ಡಾರ್ಫನು ಕಾಲಿರಿಸಿದುದು ಈ ಪರಂಪರೆಯಲ್ಲಿ.

೨

೧೯೧೭ರ ಫೆಬ್ರವರಿ ೩ರಂದು ಸ್ಟಾಕ್‌ಹೋಮಿನಲ್ಲಿ ಜನಿಸಿದ ಸುಕ್ಸ್‌ಡಾರ್ಫನು ಮೊದಲು ನಿಸರ್ಗವಿಜ್ಞಾನವನ್ನು ಅಭ್ಯಾಸ ಮಾಡಿ, ಆಮೇಲೆ ಚಿತ್ರಕಲೆಯತ್ತ ತಿರುಗಿ, ಬರ್ಲಿನ್ ನಗರದಲ್ಲಿ ಕೆಲಕಾಲ ಕಲಿತನು. ವಿಜ್ಞಾನಿಯ ತಾಳ್ಮೆ, ಚಿತ್ರಕಾರನ ಕಣ್ಣು ಇವೆರಡೂ ಅವನಲ್ಲಿ ಕೂಡಿಬಂದುವು. ಖಾಸಗಿಯಾಗಿ ತೆಗೆದ ಮೊದಲ ಕಿರುಚಿತ್ರದ ತರುವಾಯ ಅವನು ಸ್ವೀಡನ್ನಿನ ಪ್ರಧಾನ ಚಿತ್ರಸಂಸ್ಥೆಯಾದ ಸ್ವೆನ್ಸ್ಕ್ ಫಿಲ್ಮ್‌ಇಂಡುಸ್ಟ್ರಿಗಾಗಿ ಕಿರುಚಿತ್ರಗಳನ್ನು ತಯಾರಿಸತೊಡಗಿದನು. ೧೯೪೧ರ ‘ಬೇಸಗೆಯ ಕಥೆ’, ಹಿಮಸಾರಂಗಗಳನ್ನು ಸಾಕುವ ಸಾಮಿ ಜನರನ್ನು ಕುರಿತ ೧೯೪೩ರ ಚಿತ್ರ, ಕರಡಿಯ ಬೇಟೆಯನ್ನು ಕುರಿತ ೧೯೪೫ರ ‘ಹಿಮದ ಮೇಲಣ ನೆರಳುಗಳು’ ಇವು ಆ ಕಾಲದವು.

ಇವುಗಳ ಪೈಕಿ ೧೯೪೪ರ ‘ಟ್ರೂಟ್’ ವಿಶೇಷವಾಗಿ ಗಮನಿಸತಕ್ಕುದು. ದ್ವೀಪವೊಂದರ ಬಂಡೆಗಳ ಮೇಲೆ ಗೂಡುಕಟ್ಟಿ ಬಾಳುವ ಹಕ್ಕಿಗಳ ಸಮುದಾಯದ ಮೇಲೆ ದೊಡ್ಡ ಕಡಲಹಕ್ಕಿಯೊಂದು ಎರಗಿ, ಮೊಟ್ಟೆಮರಿಗಳನ್ನು ಸೂರೆಗೊಳ್ಳುವುದು ಆ ಚಿತ್ರದ ವಸ್ತು. ಯೂರೋಪು ಮಹಾಯುದ್ಧದಲ್ಲಿ ಬೇಯುತ್ತಿದ್ದ ವರ್ಷಗಳವು. ಸ್ವೀಡನ್ ತಟಸ್ಥವಾಗಿದ್ದರೂ ಅದರ ನೆರೆಯ ನಾರ್ವೆ, ಡೆನ್ಮಾರ್ಕುಗಳು ಜರ್ಮನಿಯ ಹಿಡಿತದಲ್ಲಿದ್ದುವು. ಆದುದರಿಂದ ವಿಮರ್ಶಕರು ಆ ಹಕ್ಕಿಯಲ್ಲಿ ನಾಜಿ ಆಕ್ರಮಣದ ಛಾಯೆಯನ್ನು ಕಂಡುದರಲ್ಲಿ ಆಶ್ಚರ್ಯವಿಲ್ಲ. ಹಕ್ಕಿಗೆ ರಾಜಕೀಯವಿಲ್ಲ, ಅದರ ಚಲನೆಗಳನ್ನು ಆಯ್ದು ಜೋಡಿಸಿದವನಿಗೆ ಮಾತ್ರ ಅರ್ಥವೊಂದನ್ನು ಹುಟ್ಟಿಸುವ ಶಕ್ತಿಯಿರುತ್ತದೆ. ೧೯೪೮ರ ‘ಒಡೆದ ಜಗತ್ತು’ ಎಂಬ ಕಿರುಚಿತ್ರದಲ್ಲಿ ಈ ಶಕ್ತಿಯು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಚಳಿಗಾಲದ ರಾತ್ರಿಯಲ್ಲಿ ಚರ್ಚಿನ ಸಂಗೀತ ಒಂದು ಕಡೆ, ಅದರ ಹೊರಗಿನ ಕಾಡಿನಲ್ಲಿ ಪ್ರಾಣಿಗಳು ಒಂದನ್ನೊಂದು ಬೇಟೆಯಾಡುವುದು ಇನ್ನೊಂದು ಕಡೆ. ಮನುಷ್ಯನ ಶಾಂತಿಯೂ ನಿಸರ್ಗದ ಕ್ರೌರ್ಯವೂ ಒಂದೇ ಚೌಕಟ್ಟಿನೊಳಗೆ ಬಂದು, ಪ್ರೇಕ್ಷಕನ ತೀರ್ಮಾನಕ್ಕೆ ಬಿಟ್ಟುವೆಂಬಂತೆ ನಿಲ್ಲುತ್ತವೆ.

ಸುಕ್ಸ್‌ಡಾರ್ಫನ ಕೀರ್ತಿಯನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಒಯ್ದುದು ೧೯೪೭ರಲ್ಲಿ ಸ್ಟಾಕ್‌ಹೋಮ್ ನಗರವನ್ನು ಕುರಿತು ತೆಗೆದ ಕಿರುಚಿತ್ರ. ಬೀದಿ, ಬಂದರು, ಮಳೆ, ಮಕ್ಕಳು, ಬೆಸ್ತರು ಇವುಗಳ ನಡುವೆ ನಗರದ ದಿನವೊಂದು ಅದರಲ್ಲಿ ಅರಳುತ್ತದೆ. ‘ನಗರದ ಸ್ವರಮೇಳ’ ಎಂಬರ್ಥದ ಹೆಸರಿನಿಂದ ಅಮೆರಿಕದಲ್ಲಿ ಪ್ರದರ್ಶಿತವಾದ ಆ ಚಿತ್ರಕ್ಕೆ ೧೯೪೯ರಲ್ಲಿ ನಡೆದ ಸಮಾರಂಭದಲ್ಲಿ, ಒಂದು ರೀಲಿನ ಕಿರುಚಿತ್ರಗಳ ವಿಭಾಗದಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಸ್ವೀಡನ್ನಿನ ಚಿತ್ರವೊಂದಕ್ಕೆ ಆ ಗೌರವ ಸಂದುದು ಅದೇ ಮೊದಲು. ಆದರೆ ಆ ವಿಭಾಗದ ಪ್ರಶಸ್ತಿ ನಿರ್ಮಾಪಕನಿಗೆ ಸಲ್ಲತಕ್ಕುದೆಂಬ ನಿಯಮವಿದ್ದುದರಿಂದ, ದಾಖಲೆಯಲ್ಲಿ ಬರೆಯಲ್ಪಟ್ಟ ಹೆಸರು ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಎಡ್ಮಂಡ್ ರೀಕ್ ಎಂಬವನದು. ಕಣ್ಣಿಟ್ಟು ನೋಡಿದವನೊಬ್ಬ, ಮನ್ನಣೆಯ ಪುಟದಲ್ಲಿ ಹೆಸರಾದವನು ಇನ್ನೊಬ್ಬ. ದುಡಿಮೆಗೂ ಹೆಸರಿಗೂ ನಡುವೆ ಬೀಳುವ ಇಂತಹ ಬಿರುಕಿನ ಪರಿಚಯ ಸುಕ್ಸ್‌ಡಾರ್ಫನಿಗೆ ಹೀಗೆ ಆಯಿತು. ಮುಂದೆ ಅವನ ಚಿತ್ರಗಳಲ್ಲಿ ಕಾಣಿಸಿಕೊಂಡ ಒಬ್ಬ ಬಾಲಕನಿಗೆ ಅದೇ ಬಿರುಕು ಇನ್ನೂ ಆಳವಾಗಿ ಎದುರಾಗಲಿತ್ತು.

೩

೧೯೫೩ರ ‘ಮಹಾಸಾಹಸ’ ಅವನ ಮೊದಲ ಪೂರ್ಣಪ್ರಮಾಣದ ಚಿತ್ರ. ಹೊಲಮನೆಯೊಂದರಲ್ಲಿ ಬಾಳುವ ಇಬ್ಬರು ಹುಡುಗರು ನೀರುನಾಯಿಯೊಂದನ್ನು ಕಾಪಾಡಿ, ಹಿರಿಯರ ಕಣ್ಣಿಗೆ ಬೀಳದಂತೆ ಚಳಿಗಾಲವೆಲ್ಲ ಸಾಕುತ್ತಾರೆ. ವಸಂತ ಬಂದಾಗ ಅದು ತನ್ನ ದಾರಿಯನ್ನು ಹಿಡಿಯುತ್ತದೆ. ಹುಡುಗರಲ್ಲೊಬ್ಬ ಸುಕ್ಸ್‌ಡಾರ್ಫನ ಮಗನೇ. ತಂದೆಯ ಪಾತ್ರದಲ್ಲಿ ಕಾಣಿಸಿಕೊಂಡವನು ಸ್ವತಃ ಸುಕ್ಸ್‌ಡಾರ್ಫ್. ೧೯೫೪ರ ಕಾನ್ ಚಿತ್ರೋತ್ಸವದಲ್ಲಿ ಇದು ಪುರಸ್ಕೃತವಾಯಿತು. ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ ಚಿತ್ರಕ್ಕೆ ಮನ್ನಣೆ ದೊರೆತುದೂ ಅದೇ ಉತ್ಸವದಲ್ಲಿ.

ಈ ಚಿತ್ರದ ತಯಾರಿಕೆಯ ಕ್ರಮ ವಿಚಾರಯೋಗ್ಯವಾಗಿದೆ. ಕಾಡುಪ್ರಾಣಿಯು ಕ್ಯಾಮೆರಾದ ಮುಂದೆ ಬೇಕಾದ ಹೊತ್ತಿಗೆ ಬಂದು ನಿಲ್ಲುವುದಿಲ್ಲ. ಆದುದರಿಂದ ಸುಕ್ಸ್‌ಡಾರ್ಫನು ಪ್ರಾಣಿಗಳನ್ನು ಸಾಕಿ, ತನ್ನ ಇರವಿಗೆ ಒಗ್ಗಿಸಿ, ಬೆಳಕೂ ಋತುವೂ ಅನುಕೂಲವಾಗುವ ತನಕ ಕಾದು, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ತುಣುಕುಗಳನ್ನು ಒಂದೇ ಘಟನೆಯಾಗುವಂತೆ ಹೊಂದಿಸುತ್ತಿದ್ದನು. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ನರಿಯು ಕೋಳಿಯನ್ನು ಕದಿಯುವುದು ನಿಜ, ನೀರುನಾಯಿಯು ಹಿಮದಲ್ಲಿ ಜಾರುವುದು ನಿಜ. ಆ ನಿಜಗಳನ್ನು ಪೋಣಿಸಿದ ದಾರ ಮಾತ್ರ ಕಲಾವಿದನದು. ಅದನ್ನು ಪೋಣಿಸಿದವನು ತನ್ನ ಪಾಲನ್ನು ಮರೆಮಾಚಿ, ಎಲ್ಲವೂ ತಾನಾಗಿ ನಡೆಯಿತೆಂದು ಸಾಧಿಸಹೊರಟರೆ ಮಾತ್ರ ಆಕ್ಷೇಪಕ್ಕೆ ಎಡೆಯುಂಟು. ಅಲ್ಲದೆ ನೀರುನಾಯಿಗೆ ತನ್ನ ಚಿತ್ರವನ್ನು ಕುರಿತು ಅಭಿಪ್ರಾಯವಿರುವುದಿಲ್ಲ. ಪ್ರದರ್ಶನದ ಲಾಭದಲ್ಲಿ ಪಾಲನ್ನು ಅದು ಕೇಳುವುದಿಲ್ಲ. ಪ್ರಾಣಿಗಳ ವಿಷಯದಲ್ಲಿ ನಿರಪಾಯವೆನಿಸುವ ಈ ಪದ್ಧತಿಯನ್ನು ಮನುಷ್ಯರ ಮೇಲೆ ಪ್ರಯೋಗಿಸಿದಾಗ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಬಸ್ತರಿನಲ್ಲಿ ಹುಡುಕಬೇಕಾಗುತ್ತದೆ.

೪

ಸುಕ್ಸ್‌ಡಾರ್ಫನಿಗೆ ಭಾರತದ ಪರಿಚಯವಾದುದು ‘ಮಹಾಸಾಹಸ’ಕ್ಕಿಂತ ಮುಂಚೆಯೇ. ಕಾಶ್ಮೀರದಲ್ಲಿ ತೆಗೆದ ‘ಗಾಳಿ ಮತ್ತು ನದಿ’, ಹಳ್ಳಿಯ ಬಾಳನ್ನು ಕುರಿತ ‘ಭಾರತದ ಹಳ್ಳಿ’ ಇವೆರಡೂ ೧೯೫೧ರ ಕಿರುಚಿತ್ರಗಳು. ಭಾರತ ಸರ್ಕಾರವು ೧೯೪೮ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಸಂಸ್ಥೆಯನ್ನು ಸ್ಥಾಪಿಸಿ, ದೇಶವನ್ನು ದೇಶಕ್ಕೆ ತೋರಿಸುವ ಕಾರ್ಯವನ್ನು ಆಗತಾನೆ ಕೈಗೊಂಡಿತ್ತು. ಹೊರಗಿನವನ ಕಣ್ಣೂ ಒಳಗಿನ ಸರ್ಕಾರದ ಕಣ್ಣೂ ಒಂದೇ ಕಾಲದಲ್ಲಿ ಭಾರತದ ಹಳ್ಳಿಯ ಮೇಲೆ ನೆಟ್ಟಿದ್ದುವು.

ಐವತ್ತರ ದಶಕದ ನಡುವಿನಲ್ಲಿ ಅವನು ಪತ್ನಿ ಆಸ್ಟ್ರಿಡ್ ಬೆರ್ಗ್ಮನ್ ಸುಕ್ಸ್‌ಡಾರ್ಫಳೊಡನೆ ಬಸ್ತರಿಗೆ ಬಂದನು. ಅಂದು ಮಧ್ಯಪ್ರದೇಶದಲ್ಲಿದ್ದು, ೨೦೦೦ದಲ್ಲಿ ಛತ್ತೀಸಗಡಕ್ಕೆ ಸೇರಿದ ಈ ಪ್ರದೇಶವು ಗೊಂಡರ ಒಂದು ಶಾಖೆಯಾದ ಮುರಿಯಾ ಜನರ ನಾಡು. ವೆರಿಯರ್ ಎಲ್ವಿನ್ ಅವರು ಮುರಿಯಾ ಜನರನ್ನೂ ಅವರ ಯುವಜನಗೃಹವಾದ ಘೋಟುಲನ್ನೂ ಕುರಿತು ೧೯೪೭ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಿಂದ ಈ ಜನರ ಹೆಸರು ವಿದ್ವಲ್ಲೋಕಕ್ಕೆ ಪರಿಚಿತವಾಗಿತ್ತು. ನಾರಾಯಣಪುರದ ಬಳಿಯ ಗಢಬೆಂಗಾಲ್ ಗ್ರಾಮದ ಪರಿಸರದಲ್ಲಿ ದೀರ್ಘಕಾಲ ಕೆಲಸ ಮಾಡಿ ಸುಕ್ಸ್‌ಡಾರ್ಫನು ೧೯೫೭ರಲ್ಲಿ ‘ಕಾಡಿನ ಕಥೆ’ ಎಂಬ ವರ್ಣಚಿತ್ರವನ್ನು ಹೊರತಂದನು. ಇಂಗ್ಲಿಷಿನಲ್ಲಿ ಅದಕ್ಕೆ ‘ಕೊಳಲು ಮತ್ತು ಬಾಣ’ ಎಂಬರ್ಥದ ಹೆಸರು ಬಂದಿತು. ಅದಕ್ಕೆ ಸಂಗೀತವನ್ನು ಒದಗಿಸಿದವರು, ಎರಡು ವರ್ಷಗಳ ಹಿಂದೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಸಂಗೀತ ನೀಡಿದ್ದ ಪಂಡಿತ ರವಿಶಂಕರರು. ೧೯೫೮ರ ಕಾನ್ ಉತ್ಸವದ ಸ್ಪರ್ಧೆಗೆ ಈ ಚಿತ್ರ ಹೋಯಿತು.

ಕಾಡಂಚಿನ ಹಳ್ಳಿಯೊಂದಕ್ಕೆ ಚಿರತೆಯ ಕಾಟ, ಅದನ್ನು ಎದುರಿಸಬೇಕಾದ ಬೇಟೆಗಾರ, ಊರಿನ ನಂಬಿಕೆ ಭೀತಿಗಳು — ಇದು ಚಿತ್ರದ ಕಥಾಬಂಧ. ಪಾತ್ರಗಳಾಗಿ ನಿಂತವರು ಆ ಊರಿನ ಜನರೇ. ಕುಣಿತ, ಬೇಟೆ, ಹೊಳೆ, ಹುಲ್ಲುಗಾವಲುಗಳ ಚೆಲುವನ್ನು ವಿಶಾಲ ಪರದೆಯ ಮೇಲೆ ಹಿಡಿದಿಟ್ಟ ಛಾಯಾಗ್ರಹಣದ ಹಿರಿಮೆ ನಿರ್ವಿವಾದವಾದುದು. ಆದರೆ ಸ್ವೀಡನ್ನಿನ ಹೊಲಮನೆಯಲ್ಲಿ ನರಿಗೂ ನೀರುನಾಯಿಗೂ ಅನ್ವಯಿಸಿದ ಪದ್ಧತಿಯೇ ಇಲ್ಲಿ ಮುರಿಯಾ ಜನರಿಗೂ ಅನ್ವಯವಾಗಿದೆ. ಒಗ್ಗಿಸುವುದು, ಕಾಯುವುದು, ತುಣುಕುಗಳನ್ನು ಹೊಂದಿಸಿ ಕಥೆಯಾಗಿಸುವುದು ಎಲ್ಲವೂ ಹಾಗೆಯೇ. ಅವರ ಮನಸ್ಸಿನೊಳಗಿನದನ್ನು ಅವರ ಬಾಯಿಂದ ಕೇಳುವುದಕ್ಕೆ ಬದಲಾಗಿ ನಿರೂಪಕನ ಬಾಯಿಂದ ಕೇಳಬೇಕಾಗುತ್ತದೆ. ೧೯೪೭ರಿಂದ ೧೯೫೭ರವರೆಗಿನ ದಶಕದಲ್ಲಿ ಭಾರತದಲ್ಲಿ ನಡೆದ ರಾಜ್ಯವಿಲೀನ, ಚುನಾವಣೆ, ಯೋಜನೆಗಳ ಸುಳಿವು ಇಂತಹ ಕಥೆಯೊಳಕ್ಕೆ ಬರಲು ದಾರಿಯಿಲ್ಲ; ಕಾಲಾತೀತವಾದ ಕಾಡೊಂದು ಮಾತ್ರ ಉಳಿಯುತ್ತದೆ.

ಈ ಚಿತ್ರದಿಂದ ಜಗತ್ತಿಗೆ ಪರಿಚಿತನಾದವನು ಗಢಬೆಂಗಾಲಿನ ಬಾಲಕ ಚೆಂದ್ರು ಮಂಡಾವಿ. ಹುಲಿಮರಿಯೊಡನೆ ಅವನು ಆಡುತ್ತಿದ್ದ ದೃಶ್ಯಗಳೂ ಆಸ್ಟ್ರಿಡ್ಡಳು ತೆಗೆದ ಛಾಯಾಚಿತ್ರಗಳ ಮಕ್ಕಳ ಪುಸ್ತಕವೂ ಹಲವು ದೇಶಗಳ ಮನೆಗಳನ್ನು ಹೊಕ್ಕುವು. ಬಾಲಕನನ್ನು ಸ್ವೀಡನ್ನಿಗೂ ಕರೆದೊಯ್ಯಲಾಯಿತು. ಆಮೇಲೆ ಅವನು ಹಿಂದಿರುಗಿ, ತನ್ನ ಊರಿನಲ್ಲಿಯೇ ಉಳಿದ ಬಾಳನ್ನು ಕಳೆದನು. ಅರ್ಧ ಶತಮಾನದ ನಂತರ ಪತ್ರಿಕೆಗಳವರು ಅವನನ್ನು ಹುಡುಕಿಕೊಂಡು ಹೋದಾಗ ಕಂಡುದು ಬಡತನ. ೨೦೧೩ರ ಸೆಪ್ಟೆಂಬರಿನಲ್ಲಿ ಕಾಯಿಲೆಯಿಂದ ಅವನು ತೀರಿಕೊಂಡನು. ಅವನ ಮುಖವು ಸಂಪಾದಿಸಿದ ಕೀರ್ತಿಗೂ ಅವನ ಬಾಳಿಗೂ ಸಂಬಂಧವಿಲ್ಲದೆ ಹೋಯಿತು.

ಮೈಸೂರು ಸೀಮೆಯ ಇನ್ನೊಬ್ಬ ಬಾಲಕನ ಕಥೆಯನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತ. ಮೇಲೆ ಹೇಳಿದ ಫ್ಲಹರ್ಟಿಯೇ ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರು ಸಂಸ್ಥಾನಕ್ಕೆ ಬಂದಿದ್ದನು. ಅಲ್ಲಿ, ೧೯೨೪ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು ಎಂಬವನನ್ನು ಮುಖ್ಯ ಪಾತ್ರಕ್ಕೆ ಆರಿಸಲಾಯಿತು. ಜೋಲ್ಟಾನ್ ಕೋರ್ಡಾನೊಡನೆ ಫ್ಲಹರ್ಟಿ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ ೧೯೩೭ರಲ್ಲಿ ತೆರೆಕಂಡಿತು. ಸಾಬು ಇಂಗ್ಲೆಂಡಿಗೂ ಅನಂತರ ಹಾಲಿವುಡ್ಡಿಗೂ ಹೋಗಿ ನಟನಾಗಿಯೇ ನೆಲೆನಿಂತು, ೧೯೬೩ರಲ್ಲಿ ಅಮೆರಿಕದಲ್ಲಿಯೇ ಮರಣ ಹೊಂದಿದನು. ಒಬ್ಬನು ಹುಟ್ಟಿದ ನೆಲವನ್ನು ಬಿಟ್ಟು ಜೀವನೋಪಾಯವನ್ನು ಪಡೆದನು. ಇನ್ನೊಬ್ಬನು ನೆಲಕ್ಕೆ ಮರಳಿ, ಜಗತ್ತಿನ ನೆನಪಿನಿಂದ ದೂರವಾದನು. ಆನೆಯ ಹುಡುಗ, ಹುಲಿಯ ಹುಡುಗ ಎಂಬ ಬಿರುದುಗಳು ಇಬ್ಬರಿಗೂ ತಪ್ಪಲಿಲ್ಲ. ಇಬ್ಬರಲ್ಲಿ ಯಾರೂ ತಮ್ಮ ಚಿತ್ರದಲ್ಲಿ ತಮ್ಮ ಕಥೆಯನ್ನು ತಾವು ಹೇಳಿದವರಲ್ಲ.

ಚೆಂದ್ರುವಿನ ಬಡತನಕ್ಕೆ ಸುಕ್ಸ್‌ಡಾರ್ಫನೊಬ್ಬನನ್ನೇ ಹೊಣೆಯಾಗಿಸುವುದು ನ್ಯಾಯವಾಗಲಾರದು. ಬಸ್ತರಿನ ಬಡತನಕ್ಕೆ ಭೂಮಿ, ಅರಣ್ಯಕಾನೂನು, ಆಡಳಿತಗಳ ದೀರ್ಘ ಇತಿಹಾಸವಿದೆ. ಆದರೂ ಸಾಕ್ಷಿಯ ಋಣ ಎಂಬುದೊಂದಿದ್ದರೆ, ಅದು ಸಂದಾಯವಾಗದೆ ಉಳಿದ ಉದಾಹರಣೆಯಿದು ಎಂದು ಒಪ್ಪಬೇಕಾಗುತ್ತದೆ.

೫

೧೯೬೧ರ ‘ಮರದ ಮೇಲಿನ ಹುಡುಗ’ ಎಂಬ ಕಥಾಚಿತ್ರವು ಸೋತಮೇಲೆ ಸುಕ್ಸ್‌ಡಾರ್ಫನು ಸ್ವೀಡನ್ನನ್ನು ಬಿಟ್ಟನು. ೧೯೬೨ರಲ್ಲಿ ಯುನೆಸ್ಕೋ ಮತ್ತು ಬ್ರೆಜಿಲಿನ ವಿದೇಶಾಂಗ ಖಾತೆಗಳ ಆಶ್ರಯದಲ್ಲಿ ರಿಯೋ ಡಿ ಜನೈರೋ ನಗರದಲ್ಲಿ ಏರ್ಪಟ್ಟ ಚಲಚ್ಚಿತ್ರ ಶಿಕ್ಷಣ ಶಿಬಿರಕ್ಕೆ ಅವನು ಗುರುವಾಗಿ ಹೋದನು. ಅವನ ಜೀವನದ ಈ ಅಧ್ಯಾಯ ಪ್ರಶಸ್ತಿಗಳ ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ. ಪರಿಣಾಮದಲ್ಲಿ ಮಾತ್ರ ಇದಕ್ಕೆ ಸಮನಾದುದು ಇನ್ನೊಂದಿಲ್ಲ.

ಶಿಬಿರದ ಜೊತೆಗೆ ಅಲ್ಲಿಗೆ ಬಂದ ಉಪಕರಣಗಳಲ್ಲಿ ಮುಖ್ಯವಾದುದು ‘ನಾಗ್ರಾ’ ಎಂಬ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ಧ್ವನಿಮುದ್ರಣ ಯಂತ್ರ. ಅದುವರೆಗೆ ಸ್ಟುಡಿಯೋದ ಹೊರಗೆ ಚಿತ್ರದೊಡನೆಯೇ ಮಾತನ್ನೂ ಹಿಡಿಯುವುದು ಪ್ರಯಾಸದ ಕೆಲಸವಾಗಿತ್ತು. ಆದುದರಿಂದ ಜನರ ಮುಖವನ್ನು ತೋರಿಸಿ, ಅವರ ಪರವಾಗಿ ನಿರೂಪಕನು ಮಾತಾಡುವುದು ಸಾಕ್ಷ್ಯಚಿತ್ರದ ಪದ್ಧತಿಯಾಗಿ ಬೆಳೆದಿತ್ತು. ಹಗುರವಾದ ಈ ಯಂತ್ರವು ಬೀದಿಗೂ ಹೊಲಕ್ಕೂ ಹೋಗಿ ಅವರವರ ಮಾತನ್ನು ಅವರವರ ಬಾಯಿಂದಲೇ ಹಿಡಿಯಬಲ್ಲದಾಗಿತ್ತು. ಬಸ್ತರಿನ ಚಿತ್ರದಲ್ಲಿ ಇಲ್ಲದೆ ಹೋದುದು ಇದೇ.

ಶಿಬಿರದಲ್ಲಿ ಕಲಿತ ಆರ್ನಾಲ್ಡೊ ಜಬೋರ್, ಲೂಯಿಸ್ ಕಾರ್ಲೋಸ್ ಸಾಲ್ದಾನ್ಹ, ಎಡುವಾರ್ಡೊ ಎಸ್ಕೊರೆಲ್ ಮುಂತಾದವರು ಬ್ರೆಜಿಲಿನ ‘ಸಿನೆಮಾ ನೋವೊ’ ಎಂಬ ಹೊಸ ಚಿತ್ರ ಚಳವಳಿಯಲ್ಲಿ ಹೆಸರಾದರು. ೧೯೬೪ರಲ್ಲಿ ಲಿಯೋನ್ ಹಿರ್ಷ್‌ಮನ್ನನು ನಿರ್ದೇಶಿಸಿದ ‘ಸಂಪೂರ್ಣ ಬಹುಮತ’ ಎಂಬರ್ಥದ ಹೆಸರಿನ ಸಾಕ್ಷ್ಯಚಿತ್ರದಲ್ಲಿ ಸಾಲ್ದಾನ್ಹನೂ ಜಬೋರನೂ ಛಾಯಾಗ್ರಹಣ, ಧ್ವನಿಗ್ರಹಣಗಳಲ್ಲಿ ದುಡಿದರು. ಅಕ್ಷರವರಿಯದವರಿಗೆ ಬ್ರೆಜಿಲಿನಲ್ಲಿ ಅಂದು ಮತದ ಹಕ್ಕಿರಲಿಲ್ಲ. ಅದು ದೊರೆತುದು ೧೯೮೫ರಲ್ಲಿ. ಅಂತಹ ನಿರಕ್ಷರ ಕೂಲಿಗಾರರು ಆ ಚಿತ್ರದಲ್ಲಿ ತಮ್ಮ ಹಸಿವು, ಕೂಲಿ, ಭೂಮಿಗಳನ್ನು ಕುರಿತು ತಾವೇ ಮಾತಾಡುತ್ತಾರೆ. ೧೯೬೪ರ ಸೈನಿಕ ಕ್ರಾಂತಿಯ ತರುವಾಯ ಆ ಚಿತ್ರದ ಪ್ರದರ್ಶನಕ್ಕೆ ದೀರ್ಘಕಾಲ ತಡೆಯುಂಟಾಯಿತು. ಜನರ ಸ್ವಂತ ಮಾತಿಗೆ ಅಧಿಕಾರವು ಎಷ್ಟು ಅಂಜುತ್ತದೆಂಬುದಕ್ಕೆ ಇದೇ ಸಾಕ್ಷ್ಯ.

ಶಿಬಿರದ ಇನ್ನೊಬ್ಬ ವಿದ್ಯಾರ್ಥಿ ವ್ಲಾದಿಮಿರ್ ಹೆರ್ಜೋಗ್. ಕೋಪಕಬಾನ ಕಡಲತೀರದ ಬೆಸ್ತರ ಆಸರೆಯಲ್ಲಿ ದಿನ ನೂಕುವ ಬಡವರನ್ನು ಕುರಿತು ಅವನು ೧೯೬೩ರಲ್ಲಿ ‘ಮರಿಂಬಾಸ್’ ಎಂಬ ಕಿರುಚಿತ್ರವನ್ನು ತೆಗೆದನು. ಮುಂದೆ ಪತ್ರಿಕೋದ್ಯಮಿಯಾದ ಅವನನ್ನು ೧೯೭೫ರ ಅಕ್ಟೋಬರಿನಲ್ಲಿ ಸಾವೊ ಪಾಲೊ ನಗರದ ಸೈನಿಕ ಬಂಧನದಲ್ಲಿ ಚಿತ್ರಹಿಂಸೆಗೊಳಪಡಿಸಿ ಕೊಲ್ಲಲಾಯಿತು. ಅದು ಆತ್ಮಹತ್ಯೆಯೆಂದು ಅಧಿಕಾರಿಗಳು ಸಾರಿದರು, ಜನರು ನಂಬಲಿಲ್ಲ. ಆ ಸಾವು ಸರ್ವಾಧಿಕಾರದ ವಿರುದ್ಧ ಜನಾಭಿಪ್ರಾಯವನ್ನು ಒಗ್ಗೂಡಿಸಿದ ಘಟನೆಗಳಲ್ಲಿ ಒಂದಾಯಿತು.

ಸುಕ್ಸ್‌ಡಾರ್ಫನೂ ೧೯೬೫ರಲ್ಲಿ ‘ನನ್ನ ಮನೆ ಕೋಪಕಬಾನ’ ಎಂಬ ಚಿತ್ರವನ್ನು ಹೊರತಂದನು. ಗುಡ್ಡದ ಮೇಲಿನ ಗುಡಿಸಲಿನಲ್ಲಿ ವಾಸಮಾಡಿ, ಗಾಳಿಪಟ ಹಾರಿಸಿ, ಬೇಡಿ, ಕದ್ದು ಬದುಕುವ ನಾಲ್ವರು ಅನಾಥ ಮಕ್ಕಳು ಅದರ ನಾಯಕರು. ಅದನ್ನು ಬರೆಯುವಲ್ಲಿ ಬ್ರೆಜಿಲಿನ ಲೇಖಕರು ಅವನೊಡನೆ ಕೈಗೂಡಿಸಿದರು. ಸ್ವೀಡನ್ನಿನ ಗುಲ್ಡ್‌ಬಾಗೆ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಿರ್ದೇಶಕನೆಂಬ ಮನ್ನಣೆ ಇದಕ್ಕಾಗಿ ಅವನಿಗೆ ಸಂದಿತು. ಇಲ್ಲಿಯೂ ಕಥೆಯ ಹೆಣಿಗೆಯಿದೆ, ಚೆಲುವಿನ ಮೋಹವಿದೆ. ಆದರೆ ಬಸ್ತರಿನ ಕಾಡಿನಂತೆ ಈ ನಗರವು ಕಾಲಾತೀತವಲ್ಲ. ಮಕ್ಕಳ ಹಸಿವಿಗೂ ಕೆಳಗಿನ ಶ್ರೀಮಂತ ಬಡಾವಣೆಗೂ ಇರುವ ಸಂಬಂಧ ಕಣ್ಣಿಗೆ ಬೀಳುವಂತಿದೆ.

೬

ಆಮೇಲೆ ಸುಕ್ಸ್‌ಡಾರ್ಫನು ತಯಾರಿಸಿದ ಚಿತ್ರಗಳು ವಿರಳ. ೧೯೭೧ರ ಬ್ರಿಟಿಷ್ ಕಥಾಚಿತ್ರವೊಂದಕ್ಕೆ ಅಂಟಾರ್ಕ್ಟಿಕದ ಪೆಂಗ್ವಿನ್ ಪಕ್ಷಿಗಳ ಭಾಗವನ್ನು ಅವನು ಚಿತ್ರಿಸಿಕೊಟ್ಟನು. ಬ್ರೆಜಿಲಿನ ಪಶ್ಚಿಮದ ಪಂತನಾಲ್ ಎಂಬ ಜೌಗು ಪ್ರದೇಶದಲ್ಲಿ ಹಲವು ವರ್ಷ ನೆಲಸಿ, ಅಲ್ಲಿನ ಕಾಡು, ಪ್ರಾಣಿಗಳ ರಕ್ಷಣೆಗಾಗಿ ದನಿಯೆತ್ತಿದನು. ಕೊನೆಗಾಲದಲ್ಲಿ ಸ್ವೀಡನ್ನಿಗೆ ಹಿಂದಿರುಗಿ, ೨೦೦೧ರ ಮೇ ೪ರಂದು ಸ್ಟಾಕ್‌ಹೋಮಿನಲ್ಲಿ ನಿಧನನಾದನು.

ಅವನ ಸಾಧನೆಯನ್ನು ತೂಗುವವರು ಸಾಮಾನ್ಯವಾಗಿ ಆಸ್ಕರ್, ಕಾನ್‌ಗಳನ್ನು ತಕ್ಕಡಿಯಲ್ಲಿಡುತ್ತಾರೆ. ಛಾಯಾಗ್ರಹಣದ ದೃಷ್ಟಿಯಿಂದ ಅದು ಸರಿಯೇ. ಸಾಕ್ಷ್ಯಚಿತ್ರದ ಇತಿಹಾಸದ ದೃಷ್ಟಿಯಿಂದ ನೋಡಿದರೆ ಗಢಬೆಂಗಾಲ್ ಮತ್ತು ರಿಯೋಗಳನ್ನು ಎದುರುಬದುರಾಗಿ ಇಡುವುದು ಹೆಚ್ಚು ಉಚಿತವೆನಿಸುತ್ತದೆ. ಮೊದಲನೆಯ ಕಡೆಗೆ ಅವನು ಕ್ಯಾಮೆರಾವನ್ನು ತಂದು, ಚಿತ್ರವನ್ನು ತೆಗೆದುಕೊಂಡು, ಅದರೊಡನೆ ಹಿಂದಿರುಗಿದನು. ಎರಡನೆಯ ಕಡೆಗೆ ಯಂತ್ರವನ್ನೂ ವಿದ್ಯೆಯನ್ನೂ ಒಯ್ದು ಅಲ್ಲಿನವರ ಕೈಗೆ ಕೊಟ್ಟನು. ಅವರು ಅವನಿಗಿಂತ ಬೇರೆಯಾದ ಚಿತ್ರಗಳನ್ನು ತೆಗೆದರು. ಬಸ್ತರಿನ ಅನುಭವವೇ ಅವನನ್ನು ರಿಯೋದ ಗುರುವನ್ನಾಗಿ ಮಾಡಿತೆಂದು ಸಾಧಿಸಲು ಆಧಾರಗಳಿಲ್ಲ. ಆದರೆ ಸಾಕ್ಷಿಯು ಋಣವನ್ನು ತೀರಿಸುವ ಬಗೆ ಯಾವುದೆಂಬುದನ್ನು ರಿಯೋದ ಶಿಬಿರವು ತೋರಿಸಿಕೊಟ್ಟಿತು.

ಬಸ್ತರಿನ ಪಾಲಿಗೆ ಅಂತಹ ಶಿಬಿರವನ್ನು ಸುಕ್ಸ್‌ಡಾರ್ಫನಾಗಲಿ, ಅಂದಿನ ಭಾರತ ಸರ್ಕಾರದ ಚಿತ್ರಸಂಸ್ಥೆಯಾಗಲಿ ನಡೆಸಲಿಲ್ಲ. ಚೆಂದ್ರುವಿನ ಮುಖವನ್ನು ಜಗತ್ತು ನೋಡಿತು. ಹುಲಿಮರಿಯನ್ನೂ ಸ್ವೀಡನ್ನನ್ನೂ ಕ್ಯಾಮೆರಾ ಹಿಡಿದು ಬಂದ ದಂಪತಿಗಳನ್ನೂ ಕುರಿತು ಅವನು ತನ್ನ ಗೊಂಡಿ ಭಾಷೆಯಲ್ಲಿ ತಾನಾಗಿ ರೂಪಿಸಿದ ಚಿತ್ರವೊಂದು ಬರಲೇ ಇಲ್ಲ.